ನನ್ನ ಪುಸ್ತಕದ ಚತುಃಸೀಮೆ

ನನ್ನ ಫೋನು ದಿನಾ ಬೆಳಿಗ್ಗೆ, ನಾನಿನ್ನೂ ಮುಖ ತೊಳೆಯುವ ಮೊದಲೇ, ಒಂದು ತಕರಾರು ತೆಗೆಯುತ್ತದೆ. ಒಳಗೆ ಜಾಗವಿಲ್ಲವಂತೆ, ಏನನ್ನಾದರೂ ಅಳಿಸಬೇಕಂತೆ. ನಾನು ‘ಆಮೇಲೆ’ ಎಂಬ ಗುಂಡಿ ಒತ್ತಿ ಮುಂದಕ್ಕೆ ಹೋಗುತ್ತೇನೆ. ಸೋಲಾಪುರದಲ್ಲಿ ಆಸ್ತಿ ನೋಂದಣಿಯ ಗುಮಾಸ್ತನಾಗಿ ಆಯುಷ್ಯ ಕಳೆದವನಿಗೆ ಆ ಗುಂಡಿ ಎಲ್ಲಿದೆಯೆಂದು ಯಾರೂ ತೋರಿಸಿಕೊಡಬೇಕಾಗಿಲ್ಲ.

ಜಾಗ ತಿಂದು ಕೂತಿರುವವು ಸಿನಿಮಾಗಳು. ಅವುಗಳಲ್ಲಿ ಒಂದನ್ನೂ ನಾನು ಟಿಕೀಟು ತೆಗೆದು ನೋಡಿದವನಲ್ಲ, ಚಂದಾ ಕಟ್ಟಿ ತರಿಸಿದವನೂ ಅಲ್ಲ. ಯಾರೋ ಕಳಿಸಿದ ಲಿಂಕು ಒತ್ತಿದೆ, ಬಂತು, ಇಟ್ಟುಕೊಂಡೆ. ಅರ್ಧಕ್ಕರ್ಧ ಇನ್ನೂ ನೋಡಿಯೇ ಇಲ್ಲ. ನೋಡಿದವುಗಳಲ್ಲಿ ಒಂದರ ನೆನಪು ಮಾತ್ರ ಗಟ್ಟಿಯಾಗಿದೆ. ಯಾರೋ ಚಿತ್ರಮಂದಿರದಲ್ಲಿ ಕೂತು ಕದ್ದು ಹಿಡಿದ ಪ್ರತಿ ಅದು. ನಾಯಕ ನಾಯಕಿ ಹಾಡುತ್ತಿರುವಾಗ ಮುಂದಿನ ಸಾಲಿನ ದಪ್ಪ ಗೃಹಸ್ಥನೊಬ್ಬ ಎದ್ದು ಹೊರಗೆ ಹೋಗುತ್ತಾನೆ. ಹಾಡು ಮುಗಿಯುವ ಹೊತ್ತಿಗೆ ಏನನ್ನೋ ಜಗಿಯುತ್ತ ವಾಪಸು ಬಂದು, ಪರದೆಗೆ ಅಡ್ಡ ನಿಂತು ತನ್ನ ಕುರ್ಚಿ ಹುಡುಕುತ್ತಾನೆ. ಸಿನಿಮಾದ ಕಥೆ ನನಗೆ ಮರೆತುಹೋಗಿದೆ. ಆ ಗೃಹಸ್ಥ ದಾರಿಯಲ್ಲಿ ಎದುರಾದರೆ ಇವತ್ತಿಗೂ ಗುರುತು ಹಿಡಿದು ನಮಸ್ಕಾರ ಮಾಡಿಯೇನು.

ನನಗೂ ಒಂದು ಸಮಜಾಯಿಷಿ ಇದೆ. ಕಳ್ಳರೆಲ್ಲರಿಗೂ ಇರುತ್ತದೆ. ನಮ್ಮ ಊರಿನಲ್ಲಿ ಕನ್ನಡ ಮನೆಯೊಳಗಿನ ಭಾಷೆ. ಹೊಸ್ತಿಲು ದಾಟಿದರೆ ಮರಾಠಿ, ಎರಡು ಓಣಿ ದಾಟಿದರೆ ತೆಲುಗು. ನಮ್ಮ ಚಿತ್ರಮಂದಿರಗಳಿಗೆ ಕನ್ನಡ ಸಿನಿಮಾ ಬರುತ್ತಿದ್ದುದು ದೂರದ ನೆಂಟ ಬಂದ ಹಾಗೆ, ಬಂದದ್ದು ಗೊತ್ತಾಗುವಷ್ಟರಲ್ಲಿ ಹೊರಟುಹೋಗಿರುತ್ತಿತ್ತು. ನೋಡಬೇಕೆಂದರೆ ರೈಲು ಹತ್ತಿ ವಿಜಯಪುರಕ್ಕೋ ಕಲಬುರಗಿಗೋ ಹೋಗಬೇಕು. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕರೆದುಕೊಂಡು ಹಾಗೆ ಒಮ್ಮೆ ಕಲಬುರಗಿಗೆ ಹೋಗಿದ್ದೆ. ಗಾಡಿ ತಡವಾಗಿ, ಮಧ್ಯಂತರದ ನಂತರದ ಕಥೆಯನ್ನಷ್ಟೇ ನೋಡಿ ಬಂದೆವು. ನಾಯಕಿ ಯಾಕೆ ಅಳುತ್ತಿದ್ದಳೆಂದು ತಿಳಿಯಲು ಕಳ್ಳ ಕ್ಯಾಸೆಟ್ಟು ಬರುವ ತನಕ, ಅಂದರೆ ಇನ್ನೆರಡು ವರ್ಷ, ಕಾಯಬೇಕಾಯಿತು. ಅಷ್ಟರಲ್ಲಿ ನನ್ನ ಹೆಂಡತಿಗೆ ಅಳುವುದಕ್ಕೆ ತನ್ನದೇ ಕಾರಣಗಳು ಸಿಕ್ಕಿದ್ದವು.

ಹೀಗೆ ಶುರುವಾದದ್ದು. ಕ್ಯಾಸೆಟ್ಟು ಹೋಗಿ ಸೀಡಿಯ ತಟ್ಟೆ ಬಂತು. ಅಕ್ಕಲಕೋಟದಲ್ಲಿ ಗುಡಿಯ ರಸ್ತೆಯ ಅಂಗಡಿಯೊಂದರಲ್ಲಿ ಭಜನೆಯ ತಟ್ಟೆಗಳು ಮೇಲೆ ನೇತಾಡುತ್ತಿದ್ದವು, ಸಿನಿಮಾದವು ಕೆಳಗೆ ಪ್ರಸಾದದ ಡಬ್ಬಿಗಳ ಹಿಂದೆ ಇರುತ್ತಿದ್ದವು. ಭಜನೆಯನ್ನು ಗಟ್ಟಿಯಾಗಿ ಕೇಳಬೇಕು, ಸಿನಿಮಾವನ್ನು ಮೆಲ್ಲಗೆ ಕೇಳಬೇಕು. ನಾನು ಎರಡನ್ನೂ ಕೊಳ್ಳುತ್ತಿದ್ದುದರಿಂದ ಅಂಗಡಿಯವನು ನನ್ನನ್ನು ಬಹಳ ದೊಡ್ಡ ಭಕ್ತನೆಂದು ತಿಳಿದಿದ್ದ. ತಟ್ಟೆ ಹೋಗಿ ಉಗುರಿನಷ್ಟು ಕಾರ್ಡು ಬಂತು. ಮೊಬೈಲ್ ಅಂಗಡಿಗೆ ಅದನ್ನು ಕೊಟ್ಟು, ಹಿಟ್ಟಿನ ಗಿರಣಿಗೆ ಜೋಳ ಕೊಟ್ಟವನಂತೆ ಕಾಯುತ್ತ ನಿಂತರೆ ಹಾಡು ತುಂಬಿ ಕೊಡುತ್ತಿದ್ದರು. ಈಗ ಅದೂ ಬೇಡ. ಮನರಂಜನೆಯ ಉದ್ಯಮ ರೂಪ ಬದಲಿಸಿದಾಗಲೆಲ್ಲ ನಾನೂ ಹಿಂದೆ ಬೀಳದೆ ನನ್ನ ಕಳ್ಳತನದ ರೂಪ ಬದಲಿಸಿದ್ದೇನೆ. ಕಾಲಕ್ಕೆ ತಕ್ಕಂತೆ ಬದಲಾಗಲಾರದ ಮನುಷ್ಯ ಎಂದು ಹೆಂಡತಿ ನನ್ನ ಬಗ್ಗೆ ಹೇಳುವುದು ಈ ಒಂದು ವಿಷಯದಲ್ಲಿ ಸುಳ್ಳು.

ಗೆಳೆಯ ಬಿರಾದಾರನದು ಬೇರೆ ದಾರಿ. ಕಚೇರಿಯಲ್ಲಿ ಅವನ ಮೇಜು ನನ್ನ ಪಕ್ಕದ್ದು, ನಿವೃತ್ತಿಯೂ ಜೊತೆಗೇ ಆಯಿತು. ಅವನು ಇರುವ ಓಟಿಟಿಗಳಿಗೆಲ್ಲ ಚಂದಾ ಕಟ್ಟಿದ್ದಾನೆ. ಸಂಜೆ ಊಟವಾದ ಮೇಲೆ ಯಾವುದನ್ನು ನೋಡಲಿ ಎಂದು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ತಿರುಗಿಸುತ್ತ ಕೂತು, ಆರಿಸುವುದರಲ್ಲೇ ನಿದ್ದೆ ಹೋಗುತ್ತಾನೆ. ಅವನೂ ಏನನ್ನೂ ನೋಡಿಲ್ಲ, ಆದರೆ ನ್ಯಾಯವಾಗಿ ನೋಡಿಲ್ಲ. ಹಳೆಯ ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ನಮ್ಮಿಬ್ಬರದು ಇದರ ಮೇಲೆ ವಾರಕ್ಕೊಮ್ಮೆ ವಾದ ನಡೆಯುತ್ತಿತ್ತು.

“ಸಿನಿಮಾ ಮಾಡಿದಾಂವ ಉಪಾಸ ಬೀಳ್ಬೇಕೇನೋ?” ಎಂದು ಅವನು ಕೇಳುವನು.

“ಆಂವ ಉಪಾಸ ಬೀಳೂದಿಲ್ಲ ತಗೋ. ಆಂವನ ಗಾಡಿ ನೋಡೀಯೇನು?” ಎಂದು ನಾನು.

“ಆಂವನ ಬಿಡು. ಲೈಟ ಹಿಡದಾಂವ ಇರ್ತಾನ, ಬಟ್ಟಿ ಹೊಲದಾಂವ ಇರ್ತಾನ. ಅವ್ರ ಹೊಟ್ಟಿ?”

ಉತ್ತರವಿಲ್ಲದಾಗ ನಾನು ಇನ್ನೊಂದು ಅರ್ಧ ಚಹಾ ಹೇಳುತ್ತೇನೆ. ಚಹಾ ಬಂದ ಮೇಲೆ ಹಾಡು, ಕಥೆ, ಗಾಳಿ, ಬೆಳದಿಂಗಳು ಇವೆಲ್ಲ ಯಾರ ಅಪ್ಪನ ಆಸ್ತಿಯೂ ಅಲ್ಲವೆಂದೂ, ಸರಸ್ವತಿಗೆ ಬೇಲಿ ಹಾಕಲಾಗದೆಂದೂ ಒಂದು ಭಾಷಣ ಮಾಡುತ್ತೇನೆ. ಆ ಭಾಷಣ ನನಗೇ ಎಷ್ಟು ಹಿಡಿಸಿತ್ತೆಂದರೆ, ನಾನೊಂದು ಪುಸ್ತಕ ಬರೆದೆ.

ಹನ್ನೆರಡು ಪ್ರಬಂಧಗಳ ಸಣ್ಣ ಪುಸ್ತಕ. ಅಕ್ಕಲಕೋಟ ತಾಲ್ಲೂಕಿನ ನಮ್ಮ ಹಳ್ಳಿ, ಹೊಲ, ಅವ್ವನ ಬೈಗುಳ, ಸಾಲಿ ಮಾಸ್ತರರ ಸೈಕಲ್ಲು, ಇಂಥವು. ಬರೆದದ್ದು ಮಾತ್ರ ಭಾರೀ ಗ್ರಂಥದ ಕನ್ನಡದಲ್ಲಿ. ನಾವು ಮನೆಯಲ್ಲಿ ಆಡುವ ಕನ್ನಡ ಅಚ್ಚಿಗೆ ಯೋಗ್ಯವಲ್ಲ ಎಂಬ ಅಂಜಿಕೆ ನನಗೆ. ಅಚ್ಚಾಗಿ ಬಂದ ಮೇಲೆ ಒಂದು ಸಂಗತಿ ತಿಳಿಯಿತು, ಅದು ಮೊದಲೇ ತಿಳಿದಿರಬೇಕಾಗಿತ್ತು: ನನ್ನ ಬಂಧುಬಳಗದಲ್ಲಿ ಅದನ್ನು ಓದಬಲ್ಲವರು ಯಾರೂ ಇಲ್ಲ. ಎಲ್ಲರೂ ದಿನವಿಡೀ ಕನ್ನಡ ಆಡುತ್ತಾರೆ, ಕನ್ನಡದಲ್ಲಿ ಜಗಳಾಡುತ್ತಾರೆ, ಕನಸೂ ಕನ್ನಡದಲ್ಲೇ ಬೀಳುತ್ತಿರಬೇಕು. ಕಲಿತದ್ದು ಮರಾಠಿ ಶಾಲೆಯಲ್ಲಿ. ನನ್ನ ಸ್ವಂತ ಮಗಳೇ ಮುಖಪುಟ ನೋಡಿ, “ಪಪ್ಪಾ, ಫೋಟೋ ಛಾನ ಐತಿ,” ಎಂದು ಮೆಚ್ಚಿದಳು. ಅದು ಮುದ್ರಕರು ಪುಕ್ಕಟೆ ಹಾಕಿಕೊಟ್ಟಿದ್ದ ಬಾವಿಯ ಚಿತ್ರ.

ಪ್ರತಿಗಳು ಮಂಚದ ಕೆಳಗೆ ಸೇರಿದವು. ಮದುವೆ, ಮುಂಜಿ, ವಾಸ್ತುಶಾಂತಿ ಎಲ್ಲಿಗೆ ಹೋದರೂ ಒಂದೊಂದು ಪ್ರತಿ ಕೊಡತೊಡಗಿದೆ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಕೆಳಗೆ ‘ದಯವಿಟ್ಟು ಉಡುಗೊರೆ ತರಬಾರದು’ ಎಂದು ಅಚ್ಚು ಹಾಕಿಸುವ ರೂಢಿ ಇದೆ. ಈಚೆಗೆ ಆ ಸಾಲನ್ನು ಓದಿದಾಗಲೆಲ್ಲ ಅದು ನನ್ನನ್ನು ಕುರಿತದ್ದೇ ಎನ್ನಿಸುತ್ತದೆ.

ಮೊದಲ ಪ್ರತಿ ಕೊಟ್ಟದ್ದು ಹೋಟಗಿಯ ಅಕ್ಕನಿಗೆ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಭಾವ ರೇಲ್ವೆಯಲ್ಲಿದ್ದವರು, ಸ್ಟೇಷನ್ನಿನ ಹತ್ತಿರವೇ ಮನೆ. ನಮ್ಮ ಹಳ್ಳಿಯಲ್ಲಿ ಮನೆಯ ಪಕ್ಕಕ್ಕೆ ಮರಾಠಿ ಶಾಲೆಯಿತ್ತು, ಒಳ್ಳೆಯ ಮಾಸ್ತರರಿದ್ದ ಕನ್ನಡ ಶಾಲೆ ಎರಡು ಮೈಲಿ ಆಚೆಗಿತ್ತು. ಗಂಡುಮಗ ಎಂದು ನನ್ನನ್ನು ಅಲ್ಲಿಗೆ ಕಳಿಸಿದರು. ನಡುನಡುವೆ ಮನೆಗೆ ಬಂದು ಕೂಸು ನೋಡಿಕೊಳ್ಳಲಿ ಎಂದು ಅಕ್ಕನನ್ನು ಪಕ್ಕದ ಶಾಲೆಗೆ ಹಾಕಿದರು, ನಾಲ್ಕನೆಯದಕ್ಕೆ ಬಿಡಿಸಿದರು. ಸಂಜೆ ಅವಳು ರೊಟ್ಟಿ ಬಡಿಯುವಾಗ ನಾನು ಒಲೆಯ ಬೆಳಕಿಗೆ ಕೂತು ಪಾಠ ಓದುತ್ತಿದ್ದೆ. ಲಗೂ ಮುಗಿಸಬೇಕೆಂದು ಒಂದು ಸಾಲು ಹಾರಿಸಿದರೆ ರೊಟ್ಟಿಯ ಸಪ್ಪಳ ನಿಲ್ಲುತ್ತಿತ್ತು. “ಒಂದ ಸಾಲ ಬಿಟ್ಟಿ,” ಎನ್ನುತ್ತಿದ್ದಳು. ಕನ್ನಡ ಅಕ್ಷರ ಗೊತ್ತಿಲ್ಲದವಳಿಗೆ ಇಡೀ ಪುಸ್ತಕ ಕಿವಿಯಿಂದಲೇ ಬಾಯಿಪಾಠವಾಗಿತ್ತು.

ನನ್ನ ಪುಸ್ತಕದ ಕೊನೆಯ ಪ್ರಬಂಧ ಇದೇ. ಅದರ ಕೊನೆಗೆ ಒಂದು ಸಾಲು ಬರೆದಿದ್ದೆ: ‘ನನ್ನ ಓದಿನಲ್ಲಿ ಅರ್ಧ ಅಕ್ಕನ ಪಾಲಿನದು, ಅವಳನ್ನು ಕೇಳದೆ ತೆಗೆದುಕೊಂಡೆ.’ ಬಾಯಿಬಿಟ್ಟು ಹೇಳಲಾಗದ್ದನ್ನು ಅವಳು ಓದಲಾಗದ ಲಿಪಿಯಲ್ಲಿ ಅಚ್ಚು ಹಾಕಿಸಿದ್ದೆ. ಅವಳು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಕುಂಕುಮ ಹಚ್ಚಿ ಗೋಡೆಯ ದೇವರ ಮಾಡದಲ್ಲಿಟ್ಟಳು. ಒಳಗೆ ಏನಿದೆಯೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೀಗಿರುವಾಗ ಶ್ರಾವಣದಲ್ಲಿ ಒಂದು ದಿನ ಬಿರಾದಾರ ಚಹಾದಂಗಡಿಗೆ ನಗುತ್ತ ಬಂದ. “ಸರಸ್ವತಿಗೆ ಬೇಲಿ ಇಲ್ಲ ಅಂತಿದ್ದೆಲ್ಲ, ಕೇಳಿಲ್ಲಿ,” ಎಂದು ತನ್ನ ಫೋನು ನನ್ನ ಕಿವಿಗೆ ಹಿಡಿದ. ಹೆಂಗಸೊಬ್ಬಳ ದನಿ. ಹಿಂದೆ ಹೊಲಿಗೆ ಮಷೀನಿನ ಟಕಟಕ. ಅವಳು ಓದುತ್ತಿದ್ದುದು ನನ್ನ ಪುಸ್ತಕ.

ದುಧನಿಯಲ್ಲಿ ಮಹಾದೇವಿ ಎಂಬ ಟೇಲರಬಾಯಿ ಇದ್ದಾರೆ, ರವಿಕೆ ಹೊಲಿಯುವವರು. ತವರು ಗಡಿಯಾಚೆ ಕರ್ನಾಟಕದ್ದಾದ್ದರಿಂದ ಕನ್ನಡ ಶಾಲೆ ಕಲಿತವರು. ನಮ್ಮ ಕಡೆ ಶ್ರಾವಣದಲ್ಲಿ ಪುರಾಣ ಹಚ್ಚುವ ಪದ್ಧತಿ ಇದೆ: ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಮುಗಿದ ದಿನ ಮಂಗಲ. ದುಧನಿಯಿಂದ ಹೋಟಗಿಯ ತನಕ ರೈಲುದಾರಿಯ ಊರುಗಳ ಹೆಣ್ಣುಮಕ್ಕಳು ಕೂಡಿ ಅದಕ್ಕೊಂದು ಫೋನಿನ ಗ್ರೂಪು ಮಾಡಿಕೊಂಡಿದ್ದರು. ಮಹಾದೇವಿಯವರು ಮಧ್ಯಾಹ್ನ ಓದಿ ದನಿ ಕಳಿಸುವುದು, ಮಿಕ್ಕವರು ಕೆಲಸ ಮಾಡುತ್ತ ಕೇಳುವುದು. ಈ ವರ್ಷದ ಪುರಾಣ ಬೇಗ ಮುಗಿದಿತ್ತು. ಅದೇ ಹೊತ್ತಿಗೆ ಯಾರೋ ಹೊಲಿಯಲು ಕೊಟ್ಟ ರವಿಕೆಯ ಚೀಲದಲ್ಲಿ ನನ್ನ ಪುಸ್ತಕ ಬಂದಿತ್ತು, ಮದುವೆಯೊಂದರಲ್ಲಿ ನಾನು ಕೊಟ್ಟ ಪ್ರತಿ. ಅವರು ಅದನ್ನೇ ಹಚ್ಚಿದರು. ಬಿರಾದಾರನ ಹೆಂಡತಿಯೂ ಆ ಗ್ರೂಪಿನವಳಂತೆ. ಆಗಲೇ ಒಂಬತ್ತು ಪ್ರಬಂಧ ಮುಗಿದಿದ್ದವು.

ನನ್ನ ಮೈಯೆಲ್ಲ ಉರಿದುಹೋಯಿತು. ನಲವತ್ತು ವರ್ಷ ಕಂಡವರ ಸಿನಿಮಾ ಕದ್ದಾಗ ಇಲ್ಲದ ನೀತಿ ಆ ಗಳಿಗೆಯಲ್ಲಿ ಎಲ್ಲಿಂದಲೋ ಓಡಿಬಂದು ನನ್ನ ಪಕ್ಕಕ್ಕೆ ನಿಂತಿತು. ಕೇಳದೆ ಓದಿದ್ದು ಹಾಗಿರಲಿ, ಅವರು ಓದಿದ ರೀತಿ! ನಾನು ‘ಮನೆ’ ಎಂದು ಬರೆದಲ್ಲಿ ಅವರು ‘ಮನಿ’ ಎನ್ನುತ್ತಾರೆ. ‘ಜನನಿಯು ಕ್ರುದ್ಧಳಾದಳು’ ಎಂದಿದ್ದರೆ, “ಅಂದ್ರ ಅವ್ವಗ ಸಿಟ್ಟ ಬಂತು,” ಎಂದು ಅರ್ಥ ಹೇಳುತ್ತಾರೆ. ಮುನ್ನುಡಿ ಇಡಿಯಾಗಿ ಮಾಯ. ಬಾವಿ ಎಂಬ ಪದದ ಮೂಲವನ್ನು ಹುಡುಕಿಕೊಂಡು ನಾನು ಪ್ರಾಚೀನ ಶಾಸನಗಳ ತನಕ ಹೋಗಿದ್ದ ಕಡೆ ಅವರು ಒಂದು ಕ್ಷಣ ನಿಂತು, “ಇಲ್ಲಿ ಎರಡ ಪಾನ ಸಾಹೇಬ್ರು ತಮ್ಮ ಶಾಣ್ಯಾತನ ಹೇಳ್ಯಾರ. ನಾವು ಮುಂದಕ ಹೋಗೂಣು,” ಎಂದುಬಿಟ್ಟಿದ್ದರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕದ್ದೂ ಕೇಳಿಸಿತು. ನಿಜ ಹೇಳಬೇಕೆಂದರೆ ಕಳವಾದದ್ದಕ್ಕಿಂತ ಆ ಎರಡು ಪುಟ ಕಳವಾಗದೆ ಉಳಿದದ್ದು ನನಗೆ ಹೆಚ್ಚು ನೋಯಿಸಿತು.

ಮನೆಗೆ ಬಂದವನೇ ನೋಟೀಸು ಬರೆಯಲು ಕೂತೆ. ಬೇರೆ ಏನನ್ನಾದರೂ ಬರೆಯಲು ನನಗೆ ಯೋಚನೆ ಬೇಕಾಗುತ್ತದೆ, ನೋಟೀಸು ತಾನಾಗಿಯೇ ಬರುತ್ತದೆ. ನಮ್ಮ ಇಲಾಖೆಯ ಕಾಗದದಲ್ಲಿ ಯಾವ ಆಸ್ತಿಗಾದರೂ ಚತುಃಸೀಮೆ ಹೇಳಲೇಬೇಕು: ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ರಸ್ತೆ ಎಂದು. ಅದಿಲ್ಲದೆ ನನ್ನ ಕೈ ಮುಂದಕ್ಕೆ ಹೋಗುವುದಿಲ್ಲ. ಹೀಗಾಗಿ ಸಿಟ್ಟಿನಲ್ಲಿ ನಾನು ಬರೆದದ್ದು ಇಷ್ಟು:

‘ಜಾಹೀರ್ ನೋಟೀಸು. ತಮಾಮ ಜನರಿಗೆ ತಿಳಿಯಪಡಿಸುವುದೇನೆಂದರೆ, ಕೆಳಗೆ ವರ್ಣಿಸಿದ ಪುಸ್ತಕವು ನನ್ನ ಸ್ವಕಷ್ಟಾರ್ಜಿತವಾಗಿದ್ದು, ಇದರಲ್ಲಿ ಬೇರೆ ಯಾರದೂ ಹಕ್ಕು, ಪಾಲು, ವಾರಸಾ ಇರುವುದಿಲ್ಲ. ಪುಸ್ತಕದ ಚತುಃಸೀಮೆ: ಪೂರ್ವಕ್ಕೆ ಮುನ್ನುಡಿ, ಪಶ್ಚಿಮಕ್ಕೆ ಬೆನ್ನುಡಿ, ಉತ್ತರಕ್ಕೆ ಶೀರ್ಷಿಕೆ, ದಕ್ಷಿಣಕ್ಕೆ ಪುಟಸಂಖ್ಯೆ. ಸದರಿ ಹದ್ದಿನಲ್ಲಿ ಯಾರಾದರೂ ಅತಿಕ್ರಮಣ ಮಾಡಿದಲ್ಲಿ ಕಾಯಿದೆ ಪ್ರಕಾರ ಕ್ರಮ ಜರುಗಿಸಲಾಗುವುದು.’

ಕೆಳಗೆ ಸಹಿ ಮಾಡಿ, ಫೋಟೋ ತೆಗೆದು, ಬಿರಾದಾರನ ಹೆಂಡತಿಯ ಫೋನಿನಿಂದ ಆ ಗ್ರೂಪಿಗೆ ಹಾಕಿಸಿದೆ. ಅವಳು ಎರಡು ಸಲ “ಹಾಕ್ಲೇನ್ರಿ ಭಾವುಜಿ? ಖರೇನ ಹಾಕ್ಲಿ?” ಎಂದು ಕೇಳಿದ್ದಳು.

ನೋಟೀಸು ಕನ್ನಡದಲ್ಲಿತ್ತು. ಗ್ರೂಪಿನಲ್ಲಿ ಅದನ್ನು ಓದಬಲ್ಲವರು ಒಬ್ಬರೇ. ಮರುದಿನ ಮಧ್ಯಾಹ್ನ ಎಂದಿನ ಹೊತ್ತಿಗೆ ಮಹಾದೇವಿಯವರ ದನಿ ಬಂತು. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಒಂದನ್ನೂ ಬಿಡದೆ, ನನ್ನ ಯಾವ ಪ್ರಬಂಧಕ್ಕೂ ಸಿಗದ ಮರ್ಯಾದೆಯಿಂದ, ಇಡೀ ನೋಟೀಸು ಓದಿದರು. ಓದಿ ಅರ್ಥವನ್ನೂ ಹೇಳಿದರು: “ಅಂದ್ರ, ಸಾಹೇಬ್ರಿಗೆ ಬ್ಯಾಸರ ಆಗೈತಿ. ನಾವು ಕೇಳಿ ಓದಬೇಕಾಗಿತ್ತು, ನಂದ ತಪ್ಪು. ಇಲ್ಲಿಗೆ ನಿಲ್ಲಸ್ತೀನಿ. ಯಾರೂ ಮನಸಿಗೆ ಹಚ್ಕೋಬ್ಯಾಡ್ರಿ.” ಆಮೇಲೆ ಗ್ರೂಪಿನಲ್ಲಿದ್ದ ಒಂಬತ್ತೂ ಪ್ರಬಂಧಗಳ ದನಿಯನ್ನು ಅಳಿಸಿಬಿಟ್ಟರು.

ನಾನು ಗೆದ್ದೆ. ಎರಡು ದಿನ ಗೆದ್ದವನ ಹಾಗೆಯೇ ಮನೆಯಲ್ಲಿ ಓಡಾಡಿದೆ. ಮೂರನೆಯ ದಿನ ಅಕ್ಕ ಫೋನು ಮಾಡಿದಳು.

“ತಮ್ಮಾ, ಪುರಾಣ ಅರ್ಧಕ್ಕ ನಿಲ್ಲಸ್ತಾರೇನೋ?”

“ಯಾವ ಪುರಾಣ ಅಕ್ಕಾ?”

“ನಿಂದs. ದಿನಾ ಕೇಳಾಕತ್ತಿದ್ನಿ. ಪೂರಾ ಮುಗದ ಮ್ಯಾಲ ನಿನಗ ಹೇಳಿ ಘಾಬರಿ ಮಾಡಬೇಕಂತಿದ್ನಿ. ಅವ್ವ ಮಾಸ್ತರ್ರಿಗೆ ಬೈದದ್ದು ಕೇಳಿ ನಕ್ಕು ನಕ್ಕು ಸಾಕಾತು. ಇನ್ನ ಮೂರ ಉಳಿದಾವಂತ. ಕೊನೀಕ ಏನೈತೋ?”

ಆ ಗ್ರೂಪಿನಲ್ಲಿ ಅಕ್ಕನೂ ಇದ್ದಳು. ನನ್ನ ಪುಸ್ತಕ ಅವಳ ದೇವರ ಮಾಡದಿಂದ ಇಳಿದು ಒಂಬತ್ತು ಹೆಜ್ಜೆ ಅವಳ ಕಡೆಗೆ ಬಂದಿತ್ತು. ಇನ್ನು ಮೂರು ಹೆಜ್ಜೆಯಿರುವಾಗ ನಾನೇ ಹೋಗಿ ಕಾಲಿಗೆ ಅಡ್ಡ ಬಿದ್ದಿದ್ದೆ. ನನಗೆ ನಿಜವಾಗಿ ನಾಚಿಕೆಯಾಯಿತು.

“ನಾನs ಬಂದ ಓದ್ತೀನಿ ತಗೋ,” ಎಂದೆ.

ಮಾರನೆಯ ದಿನ ಹೋಟಗಿಗೆ ಹೋದೆ. ಅಕ್ಕ ಮೊರದಲ್ಲಿ ಶೇಂಗಾ ಆರಿಸುತ್ತ ಕೂತಳು. ನಾನು ಕನ್ನಡಕ ಒರೆಸಿಕೊಂಡು ಹತ್ತನೆಯದನ್ನು ಓದಿದೆ, ಹನ್ನೊಂದನೆಯದನ್ನು ಓದಿದೆ. ನನ್ನ ಕನ್ನಡ ನನಗೇ ಬಾಯಿ ತುಂಬ ಉಸುಕು ಹಾಕಿಕೊಂಡಂತಿತ್ತು. ಅಕ್ಕ ಒಂದೆರಡು ಸಲ ಆಕಳಿಸಿದಳು. “ಖರೀದಿಪತ್ರ ಓದಿಧಂಗ ಓದ್ತಿಯಲ್ಲೋ. ಅಕಿ ಎಷ್ಟ ಛಲೋ ಓದ್ತಿದ್ಲು,” ಎಂದಳು. ಹನ್ನೆರಡನೆಯದಕ್ಕೆ ಬಂದಾಗ ಅವಳ ಕೈ ನಿಧಾನವಾಯಿತು. ಒಲೆ, ರೊಟ್ಟಿ, ಎರಡು ಶಾಲೆ ಎಲ್ಲ ಬಂದವು. ಕೊನೆಯ ಸಾಲು ಕಣ್ಣಿಗೆ ಕಂಡಿತು. ಎದುರಿಗೆ ಅಕ್ಕ ಕೂತಿದ್ದಳು. ಆ ಸಾಲನ್ನು ಹಾರಿಸಿ, ಪುಸ್ತಕ ಮುಚ್ಚಿ, “ಮುಗೀತು,” ಎಂದೆ.

ಅಕ್ಕ ಶೇಂಗಾದಿಂದ ತಲೆಯೆತ್ತಲಿಲ್ಲ. “ಒಂದ ಸಾಲ ಬಿಟ್ಟಿ,” ಎಂದಳು.

“ಇಲ್ಲ ಬಿಡು. ಏನೂ ಬಿಟ್ಟಿಲ್ಲ.”

“ಹೂಂ,” ಎಂದು ಮೊರ ಕೇರಿದಳು. ಆಮೇಲೆ ಚಹಾಕ್ಕಿಟ್ಟಳು. ಹೊರಡುವಾಗ, “ಅಕಿಗೆ ಹೇಳಿ ಮಂಗಲ ಮಾಡಸು. ಅರ್ಧಕ್ಕ ಬಿಡಬಾರದು,” ಎಂದಷ್ಟೇ ಹೇಳಿದಳು.

ಹೀಗೆ ನಾನು, ಹಕ್ಕುದಾರ, ನನ್ನ ಕಳ್ಳರ ಮನೆ ಹುಡುಕಿಕೊಂಡು ರೈಲು ಹತ್ತಿದೆ. ದುಧನಿಯ ಕಾಳುಕಡಿಯ ಅಡತಿ ಬಜಾರಿನ ಹಿಂದಿನ ಓಣಿಯಲ್ಲಿ ಒಂದೇ ಕೋಣೆಯ ಅಂಗಡಿ. ಮಹಾದೇವಿಯವರು ಐವತ್ತರ ಆಸುಪಾಸಿನವರು, ಕೊರಳಿಗೆ ಅಳತೆಯ ಟೇಪು. ನನ್ನ ಹೆಸರು ಹೇಳಿದೊಡನೆ ಮಷೀನು ನಿಲ್ಲಿಸಿ ಎದ್ದು ನಿಂತರು. ಅವರ ಮುಖ ಸಣ್ಣದಾದದ್ದು ನೋಡಿ ನನ್ನದು ಇನ್ನೂ ಸಣ್ಣದಾಯಿತು.

“ಎಲ್ಲಾ ತಗದೀನ್ರಿ ಸಾಹೇಬ್ರ. ಒಂದೂ ಇಟ್ಟಿಲ್ಲ. ಬೇಕಾದ್ರ ಫೋನ ನೋಡ್ರಿ.”

“ಅದಕ್ಕಲ್ರಿ ಬಾಯಾರ. ಮತ್ತ ಓದ್ರಿ ಅಂತ ಕೇಳಾಕ ಬಂದೀನಿ.”

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ನೋಟೀಸು ಕೊಟ್ಟವನು ಇವನೇ ಹೌದೋ ಅಲ್ಲವೋ ಎಂದು ಅನುಮಾನ ಬಂದಿರಬೇಕು. ನಾನು ಅಕ್ಕನ ವಿಷಯ ಹೇಳಿದೆ. ಸಾಲು ಹಾರಿಸಿದ್ದನ್ನು ಮಾತ್ರ ಹೇಳಲಿಲ್ಲ.

“ಓದ್ತೀನಿ ಬಿಡ್ರಿ,” ಎಂದರು. “ಆದ್ರ ಮಂಗಲದಾಗ ಹನ್ನೆರಡೂ ಒಂದಕಡೆ ಇರಬೇಕು. ಮೊದಲಿನ ಒಂಬತ್ತು ಮತ್ತ ಓದಾಕ ನನಗ ಆಗೂದಿಲ್ರಿ, ಲಗ್ನದ ರವಿಕಿ ರಾಶಿ ಬಿದ್ದಾವ. ನೀವs ಹುಡುಕಿ ಕೊಡ್ರಿ. ಜನ ಎಲ್ಲಾ ಕಡೆ ಕಳಸ್ಯಾರ, ಎಲ್ಲ್ಯಾರೆ ಇರ್ತಾವ.” ಆಮೇಲೆ ಮೇಜಿನ ಮೇಲಿದ್ದ ನನ್ನ ಪುಸ್ತಕ ತೆಗೆದು, ಸೂಜಿ ಚುಚ್ಚಿ ಗುರುತು ಮಾಡಿದ್ದ ಪುಟ ತೋರಿಸಿದರು. “ಇದೊಂದ ತಿಳೀಲಿಲ್ರಿ. ಇತಿಕರ್ತವ್ಯತಾಮೂಢ ಅಂದ್ರೇನ್ರಿ?”

“ಅಂದ್ರ… ಏನ ಮಾಡಬೇಕಂತ ತಿಳೀದಾಂವ.”

“ಮತ್ತ ಹಂಗs ಬರದ್ರ ಆಗ್ತಿತ್ತಲ್ರಿ?”

ಅರ್ಧ ಚಹಾ ಹೇಳಲು ಅಲ್ಲಿ ಚಹಾದಂಗಡಿ ಇರಲಿಲ್ಲ.

ಮುಂದಿನ ಎರಡು ವಾರ ನಾನು ನನ್ನದೇ ಪುಸ್ತಕದ ಕಳ್ಳ ಪ್ರತಿಗಳನ್ನು ಬೇಡುತ್ತ ತಿರುಗಿದೆ. ಮೊದಲು ಬಿರಾದಾರನ ಹೆಂಡತಿಯ ಫೋನಿನಿಂದ ಇನ್ನೊಂದು ನೋಟೀಸು ಹಾಕಿಸಿದೆ, ಈ ಸಲ ಬಾಯಿಂದ ಹೇಳಿ, ಚತುಃಸೀಮೆ ಇಲ್ಲದೆ: ಯಾರ ಹತ್ತಿರವಾದರೂ ಹಳೆಯ ದನಿಗಳಿದ್ದರೆ ದಯವಿಟ್ಟು ಕಳಿಸಬೇಕು. ನಾಲ್ಕು ಅಕ್ಕಲಕೋಟದಿಂದ ಬಂದವು. ಮೂರು, ಪುಣೆಯಲ್ಲಿರುವ ಯಾರದೋ ಸೊಸೆಯಿಂದ. ಒಂದಂತೂ ನನ್ನ ಮಗಳ ಫೋನಿನಲ್ಲೇ ಇತ್ತು. ಅವಳ ಗೆಳತಿಯ ತಾಯಿ ಕಳಿಸಿದ್ದಂತೆ, ಸೈಕಲ್ ಮಾಸ್ತರರ ಕಥೆ ಬಹಳ ಮಜಾ ಇದೆಯೆಂದು ಎರಡು ಸಲ ಕೇಳಿದ್ದಳಂತೆ, ಬರೆದವರು ಯಾರೆಂದು ಗೊತ್ತಿರಲಿಲ್ಲವಂತೆ. ನಾಲ್ಕನೆಯ ಪ್ರಬಂಧ ಎಲ್ಲೂ ಸಿಗದೆ ಕೊನೆಗೆ ಮರವಡೆ ಹಳ್ಳಿಯ ಬಾಯಿಯೊಬ್ಬರ ಬಳಿ ಸಿಕ್ಕಿತು. ಅವರು ಅದನ್ನು ದಿನಾ ಹಚ್ಚುತ್ತಾರೆಂದು ಕೇಳಿ ನನ್ನ ಎದೆ ಉಬ್ಬಿತು. “ಹೌದ್ರಿ,” ಎಂದರು ಆಕೆ, “ಇದ ಹಚ್ಚಿದ್ರ ನಮ್ಮ ಕೂಸು ಲಗೂ ನಿದ್ದಿ ಹೋಗತೈತಿ.”

ಬಂದ ದನಿಗಳ ನೆತ್ತಿಯ ಮೇಲೆಲ್ಲ ‘ಹಲವು ಸಲ ರವಾನೆಯಾಗಿದೆ’ ಎಂಬ ಗುರುತಿತ್ತು. ಮಂಚದ ಕೆಳಗಿನ ಪುಸ್ತಕಕ್ಕೆ ಎರಡನೆಯ ಮುದ್ರಣದ ಭಾಗ್ಯ ಬರಲಿಲ್ಲ. ಇದನ್ನೇ ಮರುಮುದ್ರಣವೆಂದು ತಿಳಿದು ನಾಲ್ಕೈದು ಸಲ ನೋಡಿಕೊಂಡೆ. ಬಿರಾದಾರನಿಗೂ ತೋರಿಸಿದೆ.

“ಈಗ ಹೇಳು,” ಎಂದ ಅವನು, “ಸಿನಿಮಾ ಕದ್ರ ತಪ್ಪೋ ಅಲ್ಲೋ?”

“ತಪ್ಪು,” ಎಂದೆ. “ಲೈಟ ಹಿಡದಾಂವಂದು ನೀ ಹೇಳೂದು ಬರೋಬರ ಐತಿ.”

“ಮತ್ತ ಮಹಾದೇವಿ ಬಾಯಾರದು?”

ನಾನು ಅರ್ಧ ಚಹಾ ಹೇಳಿದೆ. ಆದರೆ ಆವತ್ತು ಮನೆಗೆ ಬಂದು ಒಂದು ಕೆಲಸ ಮಾಡಿದೆ. ಒಂಬತ್ತು ದನಿಗಳನ್ನು ಇಟ್ಟುಕೊಳ್ಳಲು ಫೋನಿನಲ್ಲಿ ಜಾಗವಿರಲಿಲ್ಲ. ಸಿನಿಮಾಗಳನ್ನು ಒಂದೊಂದಾಗಿ ಅಳಿಸಿದೆ. ದಪ್ಪ ಗೃಹಸ್ಥನಿದ್ದದ್ದನ್ನು ಅಳಿಸುವಾಗ ಕೈ ಸ್ವಲ್ಪ ತಡೆಯಿತು. ಬಹಳ ವರ್ಷದ ಪರಿಚಯ.

ಕಳೆದ ಸೋಮವಾರ ಮಂಗಲವಾಯಿತು. ಮಹಾದೇವಿಯವರು ಹತ್ತು, ಹನ್ನೊಂದು, ಹನ್ನೆರಡನ್ನು ಒಟ್ಟಿಗೇ ಓದಿ ಕಳಿಸಿದರು. ನಾನು ಕೇಳಲಿಲ್ಲ, ಧೈರ್ಯವಾಗಲಿಲ್ಲ. ಹೊರಗೆ ಅಂಗಳದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದೆ, ಹಾಕಿದ ಗಿಡಕ್ಕೇ ಮತ್ತೆ ಹಾಕುತ್ತಿದ್ದೆ. ಸಂಜೆ ಐದರ ಸುಮಾರಿಗೆ ಅಕ್ಕನ ಫೋನು ಬಂತು. ಆ ಕಡೆ ಗಾಡಿಯೊಂದು ಹೋಟಗಿ ದಾಟಿ ಹೋದದ್ದು ಕೇಳಿಸಿತು.

“ಕೊನೀ ಸಾಲ ನೀ ಬರದದ್ದೋ, ಅಕಿ ಕೂಡಿಸಿದ್ದೋ?” ಎಂದಳು.

ಜೀವಮಾನದಲ್ಲಿ ಎಷ್ಟು ಜನರ ಹಕ್ಕುಗಳನ್ನು ಬರೆದುಕೊಂಡಿದ್ದೇನೆ. ನನ್ನದು ಎಂದು ಹೇಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಆಕೆ ಕೂಡಿಸಿದ್ದು ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ನಾಲಿಗೆಯ ತುದಿಗೂ ಬಂದಿತ್ತು.

“ನಂದs ಅಕ್ಕಾ,” ಎಂದೆ.

“ನೋಟೀಸಿನ್ಯಾಗ ಯಾರದೂ ಪಾಲ ಇಲ್ಲ ಅಂದಿದ್ದಿ. ಪುಸ್ತಕದಾಗ ಅರ್ಧ ನಂದು ಅಂತಿ. ಯಾವ ಕಾಗದ ಖರೇ?”

“ಪುಸ್ತಕದ್ದು ಖರೇ.”

“ಮತ್ತ ಅವತ್ತ ಓದಾಗ ಯಾಕ ಬಿಟ್ಟಿ?”

ಫೋನಿನಲ್ಲಿ ಅರ್ಧ ಚಹಾ ಹೇಳಲು ಬರುವುದಿಲ್ಲ. ಅವಳು ಅಳುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ನನ್ನ ಕನ್ನಡಕವಂತೂ ಮಂಜಾಗಿತ್ತು.

“ಐತ್ವಾರ ಬಾ,” ಎಂದಳು ಕೊನೆಗೆ. “ಶೇಂಗಾ ಹೋಳಿಗಿ ಮಾಡ್ತೀನಿ. ಪುಸ್ತಕ ತರೂದೇನ ಬ್ಯಾಡ, ದೇವರ ಹಂತ್ಯಾಕ ಐತಿ. ಆ ಸಾಲ ನನ್ನ ಮುಂದ ಕೂತು ನೀನs ಓದು.”

ಭಾನುವಾರಕ್ಕೆ ಇನ್ನು ಎರಡು ದಿನವಿದೆ. ಒಂದೇ ಒಂದು ಸಾಲು, ಬರೆದವನೂ ನಾನೇ, ಆದರೂ ದಿನಾ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ನಾನು ಓದಿದರೆ ಅದು ಇನ್ನೂ ಖರೀದಿಪತ್ರದ ಹಾಗೆಯೇ ಕೇಳಿಸುತ್ತದೆ. ಬೇರೆ ದಾರಿ ಕಾಣದೆ ಮಹಾದೇವಿ ಬಾಯಿಯವರ ದನಿಯನ್ನು ಮತ್ತೆ ಮತ್ತೆ ಹಚ್ಚಿ, ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂದು ನೋಡಿ ಅವರ ಧಾಟಿಯನ್ನೇ ಕದಿಯುತ್ತಿದ್ದೇನೆ. ಅವರನ್ನು ಕೇಳಿಲ್ಲ. ನೋಟೀಸು ಕೊಡುವ ಪೈಕಿ ಅವರಲ್ಲ ಎಂಬ ಧೈರ್ಯವಿದೆ.